ಎರಕವೋ, ಎಕ್ಸ್‌ಟ್ರೂಷನ್ನೋ: ಅಲ್ಯೂಮಿನಿಯಂ ಪಾರ್ಟ್‌ಗಳ ವಿಷಯದಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಡ್ರಾಯಿಂಗ್ ಬರೆಯುವವರು, ಖರೀದಿ ನೋಡಿಕೊಳ್ಳುವವರು, ಮಷೀನ್ ಮುಂದೆ ನಿಲ್ಲುವವರು, ಇನ್‌ಸ್ಪೆಕ್ಷನ್ ಮಾಡುವವರು, ಎಲ್ಲರೂ ಓದಬೇಕಾದ ಸೂಚನೆ ಇದು. ಪೀಣ್ಯದ ಶೆಡ್ಡಿರಲಿ, ಬೆಳಗಾವಿಯ ಉದ್ಯಮಬಾಗದ ಶೆಡ್ಡಿರಲಿ, ಕೆಟ್ಟುಹೋದ ಅಲ್ಯೂಮಿನಿಯಂ ಪಾರ್ಟಿನ ಜಾಡು ಹಿಡಿದು ಹಿಂದಕ್ಕೆ ಹೋದರೆ ಬಹಳ ಸಲ ಒಂದೇ ಮಾತು ಸಿಗುತ್ತದೆ: "ಅಲ್ಯೂಮಿನಿಯಂ ತಾನೇ, ಯಾವುದಾದರೇನು?" ಈ ಮಾತನ್ನು ಇನ್ನು ಮುಂದೆ ಯಾರೂ ಆಡಬಾರದು. ಎರಕ ಹೊಯ್ದ ಅಲ್ಯೂಮಿನಿಯಂ ಬೇರೆ, ಎಕ್ಸ್‌ಟ್ರೂಷನ್ ಬೇರೆ. ಒಂದರ ಡ್ರಾಯಿಂಗ್ ಇಟ್ಟುಕೊಂಡು ಇನ್ನೊಂದರಲ್ಲಿ ಪಾರ್ಟ್ ಮಾಡಿದರೆ ಅಳತೆ ಸರಿಯಾಗಿ ಬರಬಹುದು, ಪಾರ್ಟ್ ಸರಿಯಾಗಿ ಬರುವುದಿಲ್ಲ.

ಮೊದಲು ಎರಡರ ಹುಟ್ಟು ತಿಳಿದಿರಲಿ. ಎರಕದಲ್ಲಿ ಕರಗಿದ ಲೋಹ ಅಚ್ಚಿನೊಳಗೆ ಹರಿದು ಅಲ್ಲೇ ಗಟ್ಟಿಯಾಗುತ್ತದೆ. ಅಚ್ಚು ಮರಳಿನದಾಗಿರಬಹುದು, ಕಬ್ಬಿಣದ ಡೈಗೆ ಮೇಲಿನಿಂದ ಸುರಿಯುವ ಜಿಡಿಸಿ ಆಗಿರಬಹುದು, ಒತ್ತಡದಲ್ಲಿ ನುಗ್ಗಿಸುವ ಪಿಡಿಸಿ ಆಗಿರಬಹುದು. ಎಕ್ಸ್‌ಟ್ರೂಷನ್‌ನಲ್ಲಿ ಲೋಹ ಕರಗುವುದೇ ಇಲ್ಲ. 450 ರಿಂದ 500 ಡಿಗ್ರಿಗೆ ಕಾಯಿಸಿದ ಬಿಲೆಟ್ ಅನ್ನು ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ ಉಕ್ಕಿನ ಡೈ ಮೂಲಕ ಒತ್ತಿ ತೆಗೆಯುತ್ತಾರೆ. ಹೊರಬಂದ ಉದ್ದನೆಯ ಪ್ರೊಫೈಲನ್ನು ತಣಿಸಿ, ಎರಡು ತುದಿ ಹಿಡಿದು ಎಳೆದು ನೆಟ್ಟಗೆ ಮಾಡಿ, ಏಜಿಂಗ್ ಓವನ್‌ನಲ್ಲಿ ಗಂಟೆಗಟ್ಟಲೆ ಇಟ್ಟು ಬಲ ಬರಿಸುತ್ತಾರೆ. ಕೆಳಗೆ ಹೇಳುವ ಬಹುಪಾಲು ನಿಯಮಗಳಿಗೆ ಈ ವ್ಯತ್ಯಾಸವೇ ಕಾರಣ.

ಡ್ರಾಯಿಂಗ್‌ನಲ್ಲಿ

ಮೆಟೀರಿಯಲ್ ಕಾಲಂನಲ್ಲಿ ಬರೀ "ಅಲ್ಯೂಮಿನಿಯಂ" ಎಂದು ಬರೆಯಬೇಡಿ. "ಅಲ್ಯೂಮಿನಿಯಂ ಅಲಾಯ್" ಎಂದು ಬರೆದರೂ ಬರೆಯದಿದ್ದ ಹಾಗೆಯೇ. ಗ್ರೇಡ್, ಟೆಂಪರ್, ಮಾಡಿದ ವಿಧಾನ, ಮೂರೂ ಇರಬೇಕು: "6061-ಟಿ6511, ಎಕ್ಸ್‌ಟ್ರೂಡೆಡ್ ಬಾರ್", "ಎಲ್‌ಎಂ25-ಟಿ6, ಗ್ರಾವಿಟಿ ಡೈ ಕಾಸ್ಟಿಂಗ್", "ಎಡಿಸಿ12, ಪ್ರೆಷರ್ ಡೈ ಕಾಸ್ಟಿಂಗ್", ಹೀಗೆ. ನಮ್ಮ ಅಂಗಡಿಗಳಲ್ಲಿ 6063ಕ್ಕೆ ಎಚ್‌ಇ9, 6082ಕ್ಕೆ ಎಚ್‌ಇ30 ಎಂಬ ಹಳೆಯ ಹೆಸರು ಇಂದಿಗೂ ಬಳಕೆಯಲ್ಲಿದೆ. ಬಾಯಲ್ಲಿ ಹೇಳಲು ಅಡ್ಡಿಯಿಲ್ಲ. ಆರ್ಡರ್ ಮೇಲೆ ಎರಡೂ ಹೆಸರು ಬರೆಯಿರಿ. 6063ರ ಬದಲಿಗೆ 6061, 6061ರ ಬದಲಿಗೆ 6063 ಬಂದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಬಲದಲ್ಲಿ ಮಾತ್ರ ಎದ್ದು ಕಾಣುವಷ್ಟು ಅಂತರ ಇರುತ್ತದೆ.

ಆಕಾರ ನೋಡಿ ವಿಧಾನ ಆರಿಸಿ. ಪಾರ್ಟನ್ನು ಎಲ್ಲಿ ಅಡ್ಡ ಕತ್ತರಿಸಿದರೂ ಒಂದೇ ಆಕಾರ ಕಾಣುತ್ತದೆಯೇ? ಹಾಗಿದ್ದರೆ ಎಕ್ಸ್‌ಟ್ರೂಷನ್ ಬಗ್ಗೆ ಮೊದಲು ಯೋಚಿಸಿ. ಒಳಗೆ ತಿರುವುಮುರುವು ದಾರಿಗಳು, ನಾಲ್ಕು ದಿಕ್ಕಿಗೆ ಚಾಚಿದ ಬಾಸ್‌ಗಳು, ಬದಿಗೊಂದು ದಪ್ಪದ ಗೋಡೆಗಳು ಇದ್ದರೆ ಎರಕವೇ ಸರಿ. ಬೈಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸನ್ನು ಯಾರೂ ಒತ್ತಿ ತೆಗೆಯಲಾರರು; ಕಿಟಕಿಯ ಚೌಕಟ್ಟನ್ನು ಎರಕ ಹೊಯ್ಯುವುದರಲ್ಲಿ ಅರ್ಥವಿಲ್ಲ.

ಎರಡೂ ಒಂದೇ ಕಡೆ ಸೇರಿರುವುದನ್ನು ನೋಡಬೇಕಾದರೆ ಒಂದು ನ್ಯೂಮ್ಯಾಟಿಕ್ ಸಿಲಿಂಡರ್ ಕೈಗೆತ್ತಿಕೊಳ್ಳಿ. ಹೊಸಬರಿಗೆ ಪಾಠ ಹೇಳುವವರೆಲ್ಲ ಮೇಜಿನ ಮೇಲೆ ಇದನ್ನು ಬಿಚ್ಚಿ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಡುವಿನ ಬ್ಯಾರಲ್ ಎಕ್ಸ್‌ಟ್ರೂಷನ್. ಸೆನ್ಸರ್ ಕೂರಿಸುವ ಉದ್ದನೆಯ ಗಾಡಿಗಳು, ಟೈ ರಾಡ್ ಅಥವಾ ಸ್ಕ್ರೂ ಹೋಗುವ ಮೂಲೆಯ ತೂತುಗಳು ಪ್ರೊಫೈಲಿನಲ್ಲೇ ಬಂದಿರುತ್ತವೆ. ಅವಕ್ಕೆ ಮಿಲ್ಲಿಂಗ್ ಬೇಕಿಲ್ಲ. ಸ್ಟ್ರೋಕ್ 50 ಮಿ.ಮೀ. ಬೇಕೋ 500 ಮಿ.ಮೀ. ಬೇಕೋ, ಅದೇ ಡೈ, ಅದೇ ಪ್ರೊಫೈಲ್, ಕತ್ತರಿಸುವ ಉದ್ದ ಮಾತ್ರ ಬೇರೆ. ಬೋರಿನ ಒಳಗೋಡೆ ರಂಧ್ರವಿಲ್ಲದ ಲೋಹ, ಅದಕ್ಕೇ ಅನೋಡೈಸಿಂಗ್ ಒಂದೇ ಸಮನಾಗಿ ಕೂತು ಸೀಲ್ ಸಲೀಸಾಗಿ ಓಡುತ್ತದೆ. ಎರಡು ತುದಿಯ ಕವರ್‌ಗಳು ಪಿಡಿಸಿ. ಗಾಳಿಯ ಪೋರ್ಟ್, ಕುಷನ್ ಕೂರುವ ಹಳ್ಳ, ನಾಲ್ಕು ಮೂಲೆಯ ತೂತು, ಹೊರಗಿನ ಉರುಟು ಮೂಲೆಗಳು ಎಲ್ಲ ಒಂದೇ ಶಾಟ್‌ನಲ್ಲಿ ಬರುತ್ತವೆ. ಈಗ ಅದಲುಬದಲು ಮಾಡಿ ನೋಡಿ. ಬ್ಯಾರಲನ್ನು ಎರಕದಲ್ಲಿ ಮಾಡಿದರೆ ಬೋರ್ ತೆರೆದ ಕೂಡಲೇ ಸೂಜಿತೂತುಗಳು ಬಾಯಿಬಿಡುತ್ತವೆ. ಕವರನ್ನು ಬಾರ್‌ನಿಂದ ಕೆತ್ತಿದರೆ 20 ಪೀಸಿಗೆ ಅದೇ ಜಾಣತನ. 20,000 ಪೀಸಿಗೆ ಲೋಹದ ಬಹುಭಾಗ ಚಿಪ್ಸ್ ಆಗಿ ಬುಟ್ಟಿಗೆ ಬೀಳುತ್ತದೆ.

ಎಕ್ಸ್‌ಟ್ರೂಷನ್ ಪ್ರೊಫೈಲ್ ಬರೆಯುವಾಗ ಗೋಡೆಗಳ ದಪ್ಪ ಆದಷ್ಟು ಒಂದೇ ಸಮ ಇರಲಿ. ಚೂಪು ಮೂಲೆ ಬೇಡ, ಚಿಕ್ಕದಾದರೂ ರೇಡಿಯಸ್ ಕೊಡಿ. ಕಿರಿದಾದ ಬಾಯಿಯ ಆಳವಾದ ಗಾಡಿ ಕೇಳಬೇಡಿ. ಡೈಯಲ್ಲಿ ಅದಕ್ಕೆ ಎದುರಾಗುವ ತೆಳು ನಾಲಿಗೆ ಮುರಿಯುತ್ತದೆ. ಟೊಳ್ಳು ಪ್ರೊಫೈಲುಗಳಲ್ಲಿ ಲೋಹ ಡೈಯೊಳಗೆ ಸೀಳಿ ಹರಿದು ಮತ್ತೆ ಬೆಸೆದುಕೊಳ್ಳುತ್ತದೆ. ಆ ಬೆಸುಗೆಯ ಗೆರೆ ಉದ್ದಕ್ಕೂ ಇರುತ್ತದೆ, ಕಣ್ಣಿಗೆ ಕಾಣದೆಯೂ ಇರಬಹುದು. ಒಳಗಿನ ಒತ್ತಡ ತಡೆಯಬೇಕಾದ ಟ್ಯೂಬ್ ಆದರೆ ಆ ಗೆರೆ ಎಲ್ಲೆಲ್ಲಿ ಬರುತ್ತದೆ ಎಂದು ಮಿಲ್ಲಿನವರನ್ನು ಕೇಳಿ ಡ್ರಾಯಿಂಗ್‌ನಲ್ಲಿ ಗುರುತು ಹಾಕಿ, ಆ ಜಾಗದಲ್ಲಿ ಟ್ಯಾಪ್ ಹಾಕಬೇಡಿ.

ಎರಕದ ಡ್ರಾಯಿಂಗ್ ಆದರೆ ಡ್ರಾಫ್ಟ್ ಕೊಡದೆ ಕಳಿಸಬೇಡಿ. ಪಿಡಿಸಿಗೆ ಸಾಮಾನ್ಯವಾಗಿ 1 ರಿಂದ 2 ಡಿಗ್ರಿ ಬೇಕು. ತೆಳು ಗೋಡೆಯ ನಡುವೆ ದಪ್ಪ ಬಾಸ್ ನಿಲ್ಲಿಸಬೇಡಿ. ದಪ್ಪ ಜಾಗ ಕೊನೆಗೆ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಲೋಹ ಕುಗ್ಗುತ್ತದೆ, ಕುಗ್ಗಿದ ಜಾಗ ತುಂಬಲು ಹೊಸ ಲೋಹ ತಲುಪದೆ ಒಳಗೆ ಪೊಳ್ಳು ಉಳಿಯುತ್ತದೆ. ಬಾಸ್ ಬೇಕೇ ಬೇಕೆಂದಿದ್ದರೆ ಒಳಗಿನಿಂದ ಕೋರ್ ಹಾಕಿ ತೆಳ್ಳಗೆ ಮಾಡಿ. ಪಾರ್ಟಿಂಗ್ ಲೈನ್ ಮೇಲೆ ಡೇಟಮ್ ಇಡಲೇಬೇಡಿ. ಡೈಯ ಎರಡು ಭಾಗ ಕೂಡುವ ಜಾಗ ಅದು, ಅಲ್ಲಿಂದ ತೆಗೆದ ಯಾವ ಅಳತೆಯನ್ನೂ ನಂಬುವಂತಿಲ್ಲ.

ಬಲದ ಲೆಕ್ಕದಲ್ಲಿ

6061-ಟಿ6ರ ಯೀಲ್ಡ್ ಬಲ ಸುಮಾರು 275 ಮೆಗಾಪಾಸ್ಕಲ್. ಮರಳಿನಲ್ಲಿ ಎರಕ ಹೊಯ್ದ ಎಲ್‌ಎಂ6ಗೆ 60 ರಿಂದ 70 ಅಷ್ಟೇ. ಹೀಟ್ ಟ್ರೀಟ್‌ಮೆಂಟ್ ಆದ ಎಲ್‌ಎಂ25 ಬಲದಲ್ಲಿ 200 ದಾಟಬಲ್ಲದು, ಆದರೆ ಮುರಿಯುವ ಮುನ್ನ ಹಿಗ್ಗುವ ಗುಣದಲ್ಲಿ ಅದು 6061ಕ್ಕೆ ಸಮನಲ್ಲ. ಎಡಿಸಿ12 ಇನ್ನೂ ಕಡಿಮೆ ಹಿಗ್ಗುತ್ತದೆ. ಬಲದ ಅಂಕಿಗಿಂತ ಈ ಹಿಗ್ಗುವ ಗುಣವನ್ನು ಹೆಚ್ಚು ಗಮನಿಸಿ. ಪೆಟ್ಟು ಬೀಳುವ, ಜೀವ ನೇತಾಡುವ ಪಾರ್ಟ್ (ಲಿಫ್ಟಿಂಗ್ ಬ್ರಾಕೆಟ್, ಏಣಿಯ ಮೆಟ್ಟಿಲು, ಕೈಹಿಡಿಕೆಯ ಕೊಂಡಿ) ಮುರಿಯುವ ಮುಂಚೆ ಬಾಗಿ ಎಚ್ಚರಿಕೆ ಕೊಡಬೇಕು. ಮಾಮೂಲಿ ಪಿಡಿಸಿ ಪಾರ್ಟ್ ಎಚ್ಚರಿಕೆ ಕೊಡದೆ ತಟ್ಟನೆ ಮುರಿಯುತ್ತದೆ. ಇಂಥ ಜಾಗದಲ್ಲಿ ಎಕ್ಸ್‌ಟ್ರೂಷನ್ ಬಿಟ್ಟು ಮಾಮೂಲಿ ಪಿಡಿಸಿಗೆ ಹೋಗಬಾರದು. ಎಷ್ಟೇ ದುಡ್ಡು ಉಳಿದರೂ ಈ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ.

ಪಾರ್ಟ್ ಬಾಗುತ್ತಿದೆ ಎಂದು ಗ್ರೇಡ್ ಬದಲಿಸಬೇಡಿ. ಇದು ಬಹಳ ಜನ ಎಡವುವ ಜಾಗ. ಎರಕವಿರಲಿ, ಎಕ್ಸ್‌ಟ್ರೂಷನ್ ಇರಲಿ, ಮೆತ್ತನೆಯ 6063 ಇರಲಿ, ಗಟ್ಟಿ 6061 ಇರಲಿ, ಅಲ್ಯೂಮಿನಿಯಂನ ಬಿಗಿತ 70 ಗಿಗಾಪಾಸ್ಕಲ್ ಆಸುಪಾಸಿನಲ್ಲೇ ಇರುತ್ತದೆ, ಉಕ್ಕಿನ ಮೂರನೆಯ ಒಂದು ಭಾಗ. ಅದೇ ಭಾರಕ್ಕೆ ಅದೇ ಆಕಾರ ಅಷ್ಟೇ ಬಾಗುತ್ತದೆ. ಬಾಗುವುದು ಕಡಿಮೆಯಾಗಬೇಕಾದರೆ ಆಕಾರ ಬದಲಿಸಿ: ಎತ್ತರ ಹೆಚ್ಚಿಸಿ, ರಿಬ್ ಕೊಡಿ, ಟೊಳ್ಳು ಪೆಟ್ಟಿಗೆಯಂಥ ಪ್ರೊಫೈಲ್ ಆರಿಸಿ.

ಶಾಖದ ಲೆಕ್ಕವೂ ಹೀಗೆಯೇ. 6063 ಶಾಖ ಸಾಗಿಸುವ ಪ್ರಮಾಣ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 200 ವ್ಯಾಟ್. ಎಡಿಸಿ12 ಅದರ ಅರ್ಧದಷ್ಟು. ಎಲ್‌ಇಡಿ ದೀಪದ ಹೀಟ್ ಸಿಂಕ್‌ನಲ್ಲಿ ರೆಕ್ಕೆಗಳು ತೆಳುವಾಗಿ ಉದ್ದವಾಗಿದ್ದರೆ ಎಕ್ಸ್‌ಟ್ರೂಷನ್ನೇ ಮೇಲು. ರೆಕ್ಕೆ ದಪ್ಪವಾಗಿ ಗಿಡ್ಡವಾಗಿದ್ದು, ನೀರು ನುಗ್ಗದ ಮುಚ್ಚಳ, ಕಂಬಕ್ಕೆ ಕೂರಿಸುವ ಕೊಂಡಿ ಎಲ್ಲ ಒಂದೇ ಪಾರ್ಟಿನಲ್ಲಿ ಬೇಕಿದ್ದರೆ ಪಿಡಿಸಿ ತಪ್ಪಲ್ಲ; ಅಲ್ಲಿ ಶಾಖ ಹೊರಹೋಗುವುದನ್ನು ತಡೆಯುವುದು ಲೋಹಕ್ಕಿಂತ ಹೆಚ್ಚಾಗಿ ಸುತ್ತಲಿನ ಗಾಳಿ.

ಖರೀದಿಯಲ್ಲಿ

ವಿಧಾನ ಬದಲಾದರೆ ದರ ಇಳಿಯುತ್ತದೆ ಎಂದು ಸಪ್ಲೈಯರ್ ಹೇಳಿದ ಮಾತ್ರಕ್ಕೆ ಒಪ್ಪಬೇಡಿ. ಪ್ರಸ್ತಾವ ಒಳ್ಳೆಯದೇ ಇರಬಹುದು, ಆದರೆ ಅದು ಡ್ರಾಯಿಂಗ್ ಬರೆದವರ ಮೇಜಿಗೆ ಹೋಗಿ, ಹೊಸ ಡ್ರಾಫ್ಟ್, ಹೊಸ ರೇಡಿಯಸ್, ಹೊಸ ಅಲೋಯನ್ಸ್ ಸೇರಿ, ಹೊಸ ರಿವಿಷನ್ ನಂಬರ್ ಪಡೆದು ಬರಬೇಕು. ಹಳೆಯ ರಿವಿಷನ್ ಮೇಲೆ ಹೊಸ ವಿಧಾನದ ಮಾಲು ತರಿಸಬಾರದು.

ಸಂಖ್ಯೆ ನೋಡಿ ನಡೆಯಿರಿ. ಹತ್ತಿಪ್ಪತ್ತು ಪೀಸಿಗೆ ಬಾರ್ ಅಥವಾ ಪ್ಲೇಟಿನಿಂದ ಕೆತ್ತಿಸಿ. ನೂರಾರು ಬೇಕಿದ್ದರೆ ಮರಳು ಎರಕ ಅಥವಾ ಜಿಡಿಸಿ. ಪಿಡಿಸಿ ಡೈಗೆ ಲಕ್ಷಗಟ್ಟಲೆ ರೂಪಾಯಿ ಬೀಳುತ್ತದೆ. ಸಾವಿರಾರು ಪೀಸು ವರ್ಷವರ್ಷವೂ ಹೋಗುವ ಭರವಸೆ ಇಲ್ಲದೆ ಆ ದಾರಿ ಹಿಡಿಯಬೇಡಿ. ಎಕ್ಸ್‌ಟ್ರೂಷನ್ ಡೈ ಅದಕ್ಕೆ ಹೋಲಿಸಿದರೆ ತೀರಾ ಅಗ್ಗ, ಆದರೆ ಹೊಸ ಪ್ರೊಫೈಲಿಗೆ ಮಿಲ್ಲಿನವರು ಕನಿಷ್ಠ ತೂಕದ ಆರ್ಡರ್ ಕೇಳುತ್ತಾರೆ. ಸ್ಟೋರಿನಲ್ಲಿ ಪ್ರೊಫೈಲ್ ಕೊಳೆಯದು, ಅದರ ಮೇಲೆ ಹಾಕಿದ ದುಡ್ಡು ಮಾತ್ರ ಅಲ್ಲೇ ಕೂತಿರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆರ್ಡರ್ ಕೊಡಿ.

ಟೆಸ್ಟ್ ಸರ್ಟಿಫಿಕೇಟ್ ಇಲ್ಲದ ಮಾಲು ಒಳಗೆ ಬಿಡಬೇಡಿ. ಎಕ್ಸ್‌ಟ್ರೂಷನ್ ಆದರೆ ಟೆಂಪರ್ ನಮೂದಾಗಿದೆಯೇ ನೋಡಿ. ಪ್ರೆಸ್ಸಿನಿಂದ ಬಂದು ಏಜಿಂಗ್ ಆಗದ ಪ್ರೊಫೈಲ್ ನೋಡಲು ಒಂದೇ ತರಹ ಇರುತ್ತದೆ, ಟ್ಯಾಪ್ ಹಾಕಿದರೆ ದಾರ ಕಿತ್ತುಬರುತ್ತದೆ. ಸ್ಟೋರಿನ ಬಾಗಿಲಲ್ಲೇ ಒಂದು ಹಾರ್ಡ್‌ನೆಸ್ ಟೆಸ್ಟರ್ ಇಟ್ಟು ಪ್ರತಿ ಲಾಟ್ ಪರೀಕ್ಷಿಸಿ. ಬಾರ್ ತುದಿಗೆ ಬಣ್ಣ ಬಳಿಯುವುದು ಗ್ರೇಡಿನ ಗುರುತಿಗೆ; ಕತ್ತರಿಸುವಾಗ ಬಣ್ಣವಿಲ್ಲದ ತುದಿಯಿಂದ ಕತ್ತರಿಸಿ, ಕೊನೆಯ ತುಂಡಿನವರೆಗೂ ಗುರುತು ಉಳಿಯಲಿ.

ಮಷೀನ್ ಮುಂದೆ

ಎಕ್ಸ್‌ಟ್ರೂಡೆಡ್ ಬಾರ್‌ನ ಒಂದೇ ಕಡೆಯಿಂದ ಆಳವಾದ ಪಾಕೆಟ್ ತೆಗೆದು ನೇರ ಫಿನಿಷ್‌ಗೆ ಹೋಗಬೇಡಿ. ತಣಿಸುವಾಗ ಒಳಗೆ ಸೇರಿಕೊಂಡ ಒತ್ತಡ ಒಂದು ಕಡೆಯ ಲೋಹ ಹೋದಕೂಡಲೇ ಬಿಡುಗಡೆಯಾಗಿ, ವೈಸ್ ಬಿಚ್ಚಿದಾಗ ಜಾಬ್ ಬಿಲ್ಲಿನಂತೆ ಏಳುತ್ತದೆ. ಟಿ6511 ಟೆಂಪರ್ ಎಂದರೆ ಎಳೆದು ಆ ಒತ್ತಡ ಇಳಿಸಿದ ಬಾರ್, ಅಂಥದ್ದನ್ನೇ ತರಿಸಿ. ಎರಡೂ ಕಡೆಯಿಂದ ಸಮನಾಗಿ ರಫ್ ಮಾಡಿ, ಜಾಬ್ ಬಿಚ್ಚಿ, ಮತ್ತೆ ಹಗುರವಾಗಿ ಹಿಡಿದು ಫಿನಿಷ್ ಮಾಡಿ. ಅಗಲವಾದ ಫಿಕ್ಸ್‌ಚರ್ ಪ್ಲೇಟಿಗೆ, ಬೇಸ್ ಪ್ಲೇಟಿಗೆ ಎಕ್ಸ್‌ಟ್ರೂಷನ್ ಹುಡುಕಬೇಡಿ. ಎರಕ ಹೊಯ್ದು, ಒತ್ತಡ ಇಳಿಸಿ, ಎರಡೂ ಮುಖ ಮಿಲ್ ಮಾಡಿ ಕೊಡುವ ಟೂಲಿಂಗ್ ಪ್ಲೇಟ್ ಸಿಗುತ್ತದೆ. ಬಲದಲ್ಲಿ ಕಡಿಮೆಯಾದರೂ ಕೆತ್ತಿದ ಮೇಲೂ ಸಮತಟ್ಟಾಗಿ ಉಳಿಯುವುದರಲ್ಲಿ ಅದೇ ಮುಂದು. ಎರಕ ಎಂದರೆ ಕೀಳು ಎಂದು ಭಾವಿಸುವವರು ಇದನ್ನು ಒಮ್ಮೆ ಡಯಲ್ ಹಾಕಿ ನೋಡಬೇಕು.

6063 ಟೂಲಿಗೆ ಅಂಟುತ್ತದೆ. ಹೊಳಪಿನ ಫ್ಲೂಟ್ ಇರುವ, ಅಲ್ಯೂಮಿನಿಯಂಗೆಂದೇ ಮಾಡಿದ ಕಾರ್ಬೈಡ್ ಕಟರ್ ಬಳಸಿ. ಉಕ್ಕಿಗೆ ಬಳಸುವ, ಅಲ್ಯೂಮಿನಿಯಂ ಸೇರಿದ ಕೋಟಿಂಗ್‌ನ ಕಟರ್ ಹಾಕಬೇಡಿ. ಎರಕದ ಲೋಹದಲ್ಲಿ ಚಿಪ್ಸ್ ಚೆನ್ನಾಗಿ ಪುಡಿಯಾಗುತ್ತದೆ, ಆದರೆ ಎಲ್‌ಎಂ6, ಎಡಿಸಿ12 ಎರಡರಲ್ಲೂ ನೂರಕ್ಕೆ ಹತ್ತು, ಹನ್ನೆರಡರಷ್ಟು ಸಿಲಿಕಾನ್ ಇರುತ್ತದೆ. ಅದು ಟೂಲಿನ ಬಾಯಿ ಸವೆಸುತ್ತದೆ. ದೊಡ್ಡ ಲಾಟ್ ಇದ್ದರೆ ಪಿಸಿಡಿ ಟೂಲಿನ ಬೆಲೆ ನೋಡಿ ಹಿಂಜರಿಯಬೇಡಿ.

ಪಿಡಿಸಿ ಪಾರ್ಟಿನ ಮೇಲ್ಪದರ ಬೇಕಿಲ್ಲದೆ ಕೆರೆಯಬೇಡಿ. ಡೈಗೆ ತಾಗಿ ಬೇಗ ತಣಿದ ಆ ತೆಳು ಪದರ ದಟ್ಟವಾಗಿರುತ್ತದೆ. ಪೊಳ್ಳುಗಳೆಲ್ಲ ಅದರ ಒಳಗಿರುತ್ತವೆ. ಲೀಕ್ ಟೆಸ್ಟ್ ತೊಟ್ಟಿಯ ಹತ್ತಿರ ನಿಂತರೆ ಇದು ಸ್ಪಷ್ಟವಾಗಿ ಕಾಣುತ್ತದೆ. 6 ಬಾರ್ ಗಾಳಿ ತುಂಬಿ ಎಂಡ್ ಕವರನ್ನು ನೀರಿಗೆ ಇಳಿಸಿದಾಗ, ಎರಕದ ಚರ್ಮ ಹಾಗೇ ಇರುವ ಬದಿಯಲ್ಲಿ ಏನೂ ಇರುವುದಿಲ್ಲ. ಸೀಲ್ ಕೂರಲೆಂದು 3 ಮಿ.ಮೀ. ಒಳಗೆ ಕೆತ್ತಿದ ಮುಖದಿಂದ ಮಾತ್ರ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿರುತ್ತವೆ. ಕೆತ್ತುವ ಅಲೋಯನ್ಸ್ ಅರ್ಧ ಮಿ.ಮೀ. ಸುತ್ತಮುತ್ತ ಇರುವಂತೆ ಡೈಯನ್ನೇ ತಿದ್ದಿಸಿ. ತಪ್ಪದಿದ್ದರೆ ರೆಸಿನ್ ತುಂಬಿಸುವ ಇಂಪ್ರೆಗ್ನೇಷನ್ ಮಾಡಿಸಿ, ಅದನ್ನು ಡ್ರಾಯಿಂಗ್‌ನಲ್ಲಿ ಬರೆದೇ ಮಾಡಿಸಿ. ಸೋರುವ ಜಾಗಕ್ಕೆ ಅಂಟು ಬಳಿದು ಪಾಸ್ ಮಾಡಬಾರದು.

ಎರಡೂ ಲೋಹದಲ್ಲಿ ದಾರಕ್ಕೆ ಆಳ ಕೊಡಿ: ಬೋಲ್ಟಿನ ವ್ಯಾಸದ ಎರಡರಷ್ಟು. ಮತ್ತೆ ಮತ್ತೆ ಬಿಚ್ಚುವ ಬೋಲ್ಟ್ ಆದರೆ ಸ್ಟೀಲ್ ಇನ್ಸರ್ಟ್ ಹಾಕಿ.

ಬಿಸಿ, ಬೆಸುಗೆ, ಬಣ್ಣ

ಮಾಮೂಲಿ ಪಿಡಿಸಿ ಪಾರ್ಟಿಗೆ ಟಿ6 ಕೇಳಬೇಡಿ. ಶಾಟ್ ಹೊಡೆಯುವಾಗ ಸಿಕ್ಕಿಹಾಕಿಕೊಂಡ ಗಾಳಿ 500 ಡಿಗ್ರಿ ದಾಟಿದ ಓವನ್‌ನಲ್ಲಿ ಹಿಗ್ಗಿ ಮೈಯೆಲ್ಲ ಬೊಬ್ಬೆ ಎಬ್ಬಿಸುತ್ತದೆ. ಟಿ6 ಬೇಕಿದ್ದರೆ ಎಲ್‌ಎಂ25 ಆರಿಸಿ ಜಿಡಿಸಿ ಅಥವಾ ಮರಳಿನಲ್ಲಿ ಹೊಯ್ಸಿ. ಅದೇ ಕಾರಣಕ್ಕೆ ಪಿಡಿಸಿ ಪಾರ್ಟಿಗೆ ವೆಲ್ಡಿಂಗ್ ಕೂಡ ಬೇಡ. ಪೌಡರ್ ಕೋಟಿಂಗ್ ಮಾಡಿಸುವುದಾದರೆ, ಪೌಡರ್ ಹಾಕುವ ಮುಂಚೆ ಕ್ಯೂರಿಂಗ್ ಶಾಖಕ್ಕಿಂತ ತುಸು ಹೆಚ್ಚಿಗೆ ಒಮ್ಮೆ ಕಾಯಿಸಿ ಒಳಗಿನ ಗಾಳಿ ಹೊರಹಾಕಿ. ಇಲ್ಲದಿದ್ದರೆ ಬಣ್ಣದ ಮೇಲೆ ಸೂಜಿತೂತು ಬೀಳುತ್ತದೆ.

ಎಕ್ಸ್‌ಟ್ರೂಷನ್ ವೆಲ್ಡ್ ಆಗುತ್ತದೆ, ಆದರೆ ಟಿ6 ಬಲ ಬೆಸುಗೆಯ ಅಕ್ಕಪಕ್ಕದಲ್ಲಿ ಬಹುಮಟ್ಟಿಗೆ ಇಳಿದುಹೋಗುತ್ತದೆ. ಬಲದ ಲೆಕ್ಕ ಹಾಕುವಾಗ 275 ಹಿಡಿಯಬೇಡಿ. ಜೋಡಣೆಯನ್ನು ಭಾರ ಕಡಿಮೆ ಇರುವ ಕಡೆ ಸರಿಸಿ. ವೆಲ್ಡ್ ಆದ ಮೇಲೆ ಅನೋಡೈಸಿಂಗ್ ಇದ್ದರೆ 4043 ಫಿಲ್ಲರ್ ಬೇಡ, ಅದರ ಸಿಲಿಕಾನ್‌ನಿಂದ ಗೆರೆ ಕಪ್ಪಾಗುತ್ತದೆ, 5356 ಬಳಸಿ.

ಹೊಳಪಿನ ಅನೋಡೈಸಿಂಗ್ ಬೇಕಾದ ಪಾರ್ಟನ್ನು ಎಡಿಸಿ12ರಲ್ಲಿ ಮಾಡಿಸಿ ಅನೋಡೈಸಿಂಗ್‌ನವರ ಮೇಲೆ ತಪ್ಪು ಹೊರಿಸಬೇಡಿ. ಸಿಲಿಕಾನ್ ಜಾಸ್ತಿ ಇರುವ ಎರಕಕ್ಕೆ ಬೂದುಬಣ್ಣದ ಮಚ್ಚೆಯೇ ಬರುವುದು. ಎರಕಕ್ಕೆ ಬಣ್ಣ, 6063ಕ್ಕೆ ಅನೋಡೈಸಿಂಗ್. ಇವೆರಡನ್ನೂ ಪಕ್ಕಪಕ್ಕ ಕೂರಿಸುವ ಜೋಡಣೆಯಲ್ಲಿ ಬಣ್ಣ ಹೊಂದಲೇಬೇಕು ಎಂದಿದ್ದರೆ ಎರಡಕ್ಕೂ ಪೌಡರ್ ಕೋಟಿಂಗ್ ಮಾಡಿಸಿ.

ಫೌಂಡ್ರಿಗೆ ಹೋದಾಗ

ಎರಕ ಕೊಳ್ಳುವವರು ಫೌಂಡ್ರಿಗೆ ಖುದ್ದಾಗಿ ಹೋಗಿ ನೋಡಬೇಕು. ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾದ ಲೋಹಕ್ಕೆ ಅದರ ಸುಮಾರು ಇಪ್ಪತ್ತನೆಯ ಒಂದು ಭಾಗ ಮಾತ್ರ ಹಿಡಿದಿಟ್ಟುಕೊಳ್ಳಲು ಸಾಧ್ಯ, ಉಳಿದದ್ದು ಗುಳ್ಳೆಯಾಗಿ ಅಲ್ಲೇ ಕೂರುತ್ತದೆ. ಆದ್ದರಿಂದ ಡಿಗ್ಯಾಸಿಂಗ್ ಹೇಗೆ ಮಾಡುತ್ತಾರೆ ಕೇಳಿ. ಆರ್ಗಾನ್ ಅಥವಾ ನೈಟ್ರೋಜನ್ ಹಾಯಿಸುವ ತಿರುಗುವ ರೋಟರ್ ಇದ್ದರೆ ಒಳ್ಳೆಯದು. ಇಂಗಾಟ್‌ಗಳು ಮಳೆಗೆ ನೆನೆಯುವಂತೆ ಹೊರಗೆ ಬಿದ್ದಿದ್ದರೆ, ಆ ಫೌಂಡ್ರಿಗೆ ಒತ್ತಡ ತಡೆಯುವ ಪಾರ್ಟ್ ಕೊಡಬೇಡಿ. ಒದ್ದೆ ಲೋಹ ಫರ್ನೇಸಿಗೆ ಬಿದ್ದರೆ ನೀರು ಕ್ಷಣದಲ್ಲಿ ಆವಿಯಾಗಿ ಸಿಡಿದು ಕುದಿವ ಲೋಹ ಎದುರಿಗಿರುವವರ ಮೈಮೇಲೆ ಎರಚುತ್ತದೆ. ಇಂಗಾಟ್, ಸ್ಕ್ರ್ಯಾಪ್, ಲ್ಯಾಡಲ್, ಕಡೆಗೆ ಚಮಚದಂಥ ಸ್ಯಾಂಪಲ್ ಕಪ್ಪು ಕೂಡ ಕಾಯಿಸಿ ಒಣಗಿಸದೆ ಒಳಗೆ ಇಳಿಸಬಾರದು. ಹೆಲ್ಮೆಟ್, ಮುಖಕ್ಕೆ ಶೀಲ್ಡ್, ಕಾಲಿಗೆ ಗೇಟರ್ ಇಲ್ಲದೆ ಸುರಿಯುವ ಜಾಗಕ್ಕೆ ಹೋಗಬೇಡಿ, ನೋಡಲು ಬಂದ ಅತಿಥಿಯಾದರೂ ಸರಿಯೇ.

ಚಿಪ್ಸ್ ಮತ್ತು ತುಂಡುಗಳು

ಎಲ್ಲ ಅಲ್ಯೂಮಿನಿಯಂ ಚಿಪ್ಸ್ ಒಂದೇ ಡ್ರಮ್ಮಿಗೆ ತುಂಬಬೇಡಿ. ಎಡಿಸಿ12ರಲ್ಲಿ ನೂರಕ್ಕೆ 1.5 ರಿಂದ 3.5ರವರೆಗೆ ತಾಮ್ರ ಇರುತ್ತದೆ, ಎಲ್‌ಎಂ6ರಲ್ಲಿ 0.1 ಮೀರುವಂತಿಲ್ಲ, ತುಕ್ಕು ತಡೆಯುವುದರಲ್ಲಿ ಅದರ ಹೆಸರು ನಿಂತಿರುವುದೇ ಇದರ ಮೇಲೆ. ಬೆರೆತ ಚಿಪ್ಸ್ ಹೋಗಿ ಸೇರಿದ ಕಡೆ ಎಲ್‌ಎಂ6ರ ಇಡೀ ಮೆಲ್ಟ್ ಕೆಡುತ್ತದೆ. 6063 ತುಂಡುಗಳು ಶುದ್ಧವಾಗಿ ಉಳಿದರೆ ಮತ್ತೆ ಬಿಲೆಟ್ ಆಗಬಲ್ಲವು; ಎರಕದ ಚೂರು ಬೆರೆತರೆ ಆ ದಾರಿ ಮುಚ್ಚಿಹೋಗುತ್ತದೆ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾದ ಶಕ್ತಿಯ ನೂರರಲ್ಲಿ ಐದು ಪಾಲು ಸಾಕು, ಹಳೆಯದನ್ನು ಕರಗಿಸಲು. ಅಷ್ಟು ಬೆಲೆಯ ಮಾಲನ್ನು ಸೋಮಾರಿತನದಿಂದ ಕೆಡಿಸುವುದು ತಪ್ಪು.

ಎಕ್ಸ್‌ಟ್ರೂಷನ್ ಗ್ರೇಡುಗಳಿಗೆ ಒಂದು ಡ್ರಮ್, ಎಡಿಸಿ12ಕ್ಕೆ ಒಂದು, ಎಲ್‌ಎಂ6 ಮತ್ತು ಎಲ್‌ಎಂ25ಕ್ಕೆ ತಲಾ ಒಂದು ಇಡಿ. ಜಾಬ್ ಬದಲಾದಾಗ ಮಷೀನ್ ಬೆಡ್ ಪೂರ್ತಿ ಗುಡಿಸಿ ಆಮೇಲೆ ಹೊಸದನ್ನು ಶುರು ಮಾಡಿ. ಸಣ್ಣ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಒಣ ಮರಳಿನ ಬಕೆಟ್ ಕೈಗೆಟುಕುವ ಜಾಗದಲ್ಲೇ ಇರಲಿ, ಅದರ ಮೇಲೆ ಯಾರೂ ಟೀ ಲೋಟ, ಬಟ್ಟೆ, ಕಾಗದ ಇಡಬೇಡಿ. ಸ್ಕ್ರ್ಯಾಪ್ ಲಾರಿಗೆ ಹಾಕುವಾಗ ಪ್ರತಿ ಚೀಲದ ಬಾಯಿಗೆ ಗ್ರೇಡ್ ಬರೆದ ಚೀಟಿ ಕಟ್ಟಿ, ತೂಕದ ಸ್ಲಿಪ್ಪಿನಲ್ಲೂ ಗ್ರೇಡುಗಳನ್ನು ಬೇರೆ ಬೇರೆಯಾಗಿಯೇ ಬರೆಸಿ.